ಕೋಳಿ ಕೂಗುವ ಮನೆ

ಮೊನ್ನೆ ಮಧ್ಯಾಹ್ನ ಆಫೀಸಿನಲ್ಲಿ ಇಮ್ತಿಯಾಜ್ ಭಾಯ್ ತಮ್ಮ ಊಟದ ಡಬ್ಬಿ ಬಿಚ್ಚಿದರು. ಮೇಲಿನ ಡಬ್ಬಿಯಲ್ಲಿ ಕುದಿಸಿದ ಗೆಣಸಿತ್ತು, ಇನ್ನೂ ಹಬೆಯಾಡುತ್ತಿತ್ತು. ಹುಬ್ಬಳ್ಳಿಯಲ್ಲಿ ಚಳಿ ಬಿದ್ದರೆ ಗೆಣಸಿಗೇನು ಕಡಿಮೆ, ಸಂತೆಯ ತುಂಬ ಅದೇ. ವರ್ಷ ವರ್ಷ ನೋಡಿದ್ದೇ, ತಿಂದದ್ದೇ. ಆದರೆ ಅವತ್ತು ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಂಪ್ಯೂಟರಿನ ಮುಂದೆ ಕುಳಿತಿದ್ದ ನನಗೆ ಕಣ್ಣು ತುಂಬಿ ಬಂತು.

“ಅರೆ, ಏನಾತ್ರಿ ಗಿರಿಜಾ? ಗೆಣಸು ನೋಡಿ ಅಳಾವ್ರನ್ನ ಇವತ್ತ ನೋಡಾಕತ್ತೇನಿ,” ಎಂದರು ಭಾಯ್.

“ಏನಿಲ್ರಿ ಭಾಯ್, ಕಣ್ಣಾಗ ಧೂಳ ಬಿತ್ತು,” ಎಂದೆ. ಗಾಜಿನ ಬಾಗಿಲು ಹಾಕಿದ ಕೋಣೆಯೊಳಗೆ ಧೂಳು ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ಒಂದು ಗೆಣಸನ್ನು ಕಾಗದದ ಮೇಲಿಟ್ಟು ನನ್ನ ಕಡೆ ಸರಿಸಿದರು. ಸಿಪ್ಪೆ ಸುಲಿಯುತ್ತ ನನಗೆ ನೆನಪಾದದ್ದು ಅಟ್ಲಾಂಟಿಕ್ ಸಮುದ್ರದ ನಡುವಿರುವ ಮಡೀರಾ ಎಂಬ ದ್ವೀಪ. ಅಲ್ಲಿ ನನ್ನ ಅತ್ತೆಯ ಜೊತೆ ಕಳೆದ ಒಂದು ಡಿಸೆಂಬರ್.

ಅತ್ತೆಯ ಹೆಸರು ನೀಲವ್ವ. ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆ, ಎರೆಹೊಲ, ಹತ್ತಿ, ಕಡಲೆ, ಜೋಳ. ಅವರ ಒಬ್ಬನೇ ಮಗ ಮಲ್ಲಿಕಾರ್ಜುನ, ಎಲ್ಲರ ಬಾಯಲ್ಲಿ ಮಲ್ಲು, ನನ್ನನ್ನು ಮದುವೆಯಾಗಿ ಮೂರನೆಯ ವರ್ಷ ಗಬ್ಬೂರ ಬೈಪಾಸಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕು ಹೋಗಿಬಿಟ್ಟ. ಮಕ್ಕಳಿರಲಿಲ್ಲ. ತಿಂಗಳ ಕಾರ್ಯ ಮುಗಿದ ಮೇಲೆ ನಾನು ತವರಿಗೆ ಹೋಗುತ್ತೇನೆಂದು ಎಲ್ಲರೂ ಅಂದುಕೊಂಡರು. ನಾನು ಹೋಗಲಿಲ್ಲ. ಅತ್ತೆ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಂದು ದಿನ ಮುಂಜಾನೆ ಡಬ್ಬಿಗೆ ರೊಟ್ಟಿ ಪಲ್ಯ ಕಟ್ಟಿ ಕೈಗೆ ಕೊಟ್ಟು, “ಮನ್ಯಾಗ ಕುಂತ್ರ ಗ್ವಾಡಿ ತಿಂತಾವ. ಹುಬ್ಬಳ್ಳಿಗೆ ಹೋಗು, ಏನರ ಕೆಲಸ ನೋಡ್ಕೋ,” ಎಂದರು, ಅಷ್ಟೆ.

ಹಾಗೆ ಸೇರಿದ್ದು ಇಮ್ತಿಯಾಜ್ ಭಾಯ್ ಅವರ ಪ್ರವಾಸದ ಆಫೀಸಿಗೆ. ಉಮ್ರಾ ಯಾತ್ರೆಗೆ ಹೊರಡುವ ಹಿರಿಯರನ್ನು ಭಾಯ್ ನೋಡಿಕೊಳ್ಳುತ್ತಾರೆ. ಹನಿಮೂನಿನವರು, ಬೆಳ್ಳಿಹಬ್ಬದ ದಂಪತಿಗಳು, ಇದ್ದಕ್ಕಿದ್ದಂತೆ ಜಗತ್ತು ನೋಡುವ ಹುರುಪು ಬಂದ ಡಾಕ್ಟರುಗಳು ನನ್ನ ಪಾಲು. ಅವರಿಗೆ ದೂರದ ಊರುಗಳಲ್ಲಿ ವಾರಕ್ಕೋ ಹತ್ತು ದಿನಕ್ಕೋ ಬಾಡಿಗೆ ಮನೆ ಹುಡುಕಿ ಕೊಡುವುದು ನನ್ನ ಕೆಲಸ. ಇಂಟರ್ನೆಟ್ಟಿನ ಫೋಟೋಗಳನ್ನು ಓದುವುದು ಒಂದು ವಿದ್ಯೆಯೇ. ಹಾಲ್ ತೀರ ಅಗಲ ಕಂಡರೆ ಅನುಮಾನಪಡಬೇಕು, ಬಚ್ಚಲುಮನೆಯ ಫೋಟೋ ಇಲ್ಲದಿದ್ದರೆ ಮುಂದಿನ ಮನೆಗೆ ಹೋಗಬೇಕು, ಸಮುದ್ರ ಕಾಣುತ್ತದೆ ಎಂದಿದ್ದರೆ ಕಿಟಕಿಯಿಂದಲೋ ಕುರ್ಚಿ ಹತ್ತಿಯೋ ಎಂದು ಕೇಳಬೇಕು. ನಾನಂತೂ ಅಲ್ಲಿಯವರೆಗೆ ಗೋವೆಯಿಂದಾಚೆ ಸಮುದ್ರ ಕಂಡವಳಲ್ಲ.

ಸಂಜೆ ಉಪ್ಪಿನಬೆಟಗೇರಿಯ ಬಸ್ಸಿಳಿದರೆ ಅತ್ತೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಮನೆಯ ತುಂಬ ಜನ, ತೀರಿಹೋದ ಮಾವನವರ ತಮ್ಮ ಸಣ್ಣಮಾವ, ಅವರ ಮಕ್ಕಳು, ಸೊಸೆಯರು. ಯಾರನ್ನಾದರೂ ಕಳಿಸಬಹುದಿತ್ತು. ಆದರೆ ಅವರೇ ಬರುತ್ತಿದ್ದರು. ಬಸ್ ತಡವಾದ ದಿನ, “ಇದರ ಬಾಯಾಗ ಮಣ್ಣ ಹಾಕ, ಇವತ್ತ ಎಲ್ಲಿ ಸತ್ತಿತ್ತು ಇದು?” ಎಂದು ಬಸ್ಸಿಗೆ ಬೈದು, ನನ್ನ ಚೀಲ ಇಸಿದುಕೊಂಡು ಮುಂದೆ ನಡೆಯುತ್ತಿದ್ದರು. ಹಿಂದೆ ನಡೆಯುತ್ತ ನಾನು ದಿನದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದೆ. ನನಗೆ ಹೆತ್ತ ತಾಯಿಯ ನೆನಪು ಅಷ್ಟಾಗಿ ಇಲ್ಲ. ಆ ಹತ್ತು ನಿಮಿಷದ ದಾರಿಗಾಗಿಯೇ ನಾನು ಇಡೀ ದಿನ ದುಡಿಯುತ್ತಿದ್ದೆನೇನೋ ಅನ್ನಿಸುತ್ತದೆ ಈಗ.

ಮಡೀರಾಕ್ಕೆ ಹೋದ ವರ್ಷ ಪಂಚಮಿ ಹಬ್ಬದ ಹೊತ್ತಿಗೆ ಶಿವಾನಂದ ಎಂಬವರು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದರು. ಸತ್ತೂರಿನಲ್ಲಿ ಔಷಧಿ ಅಂಗಡಿ ಇಟ್ಟವರು. ತಂದೆ ತಾಯಿಯ ಕಾಶಿ ಯಾತ್ರೆಗೆ ಟಿಕೆಟ್ ಮಾಡಿಸಲು ಬಂದವರು, ಯಾತ್ರೆ ಮುಗಿದ ಮೇಲೂ ಏನೇನೋ ನೆಪದಲ್ಲಿ ಬರುತ್ತಿದ್ದರು. ಭಾಯ್ ಮೀಸೆಯಲ್ಲಿ ನಗುತ್ತಿದ್ದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ನಿಧಾನ. ನನಗೂ ಮನಸ್ಸಿತ್ತು. ಆದರೂ ಒಲ್ಲೆ ಎಂದೆ.

ನಮ್ಮಲ್ಲಿ ಗಂಡ ಸತ್ತವಳ ಮದುವೆ ನಡೆಯುವುದಿಲ್ಲ ಎಂದೇನಿಲ್ಲ. ಅದಕ್ಕೆ ಉಡಕಿ ಎನ್ನುತ್ತಾರೆ. ಆದರೆ ಹಾಗೆ ಮದುವೆಯಾಗಿ ಹೋದವಳು ಮತ್ತೆ ಮೊದಲ ಗಂಡನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಹಬ್ಬಕ್ಕಿಲ್ಲ, ಸಾವಿಗಿಲ್ಲ. ಶಿವಾನಂದ ಅವರಿಗೆ ಹೌದು ಎಂದರೆ ಅತ್ತೆಗೆ ಇನ್ನು ಬರುವುದಿಲ್ಲ ಎಂದಂತೆ. ಆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವರನ್ನು ಸುಮ್ಮನೆ ಕೂರಿಸಿ ಹೋಗಲು ನನ್ನಿಂದ ಆಗುತ್ತಿರಲಿಲ್ಲ. ಈ ವಿಷಯ ಅತ್ತೆಗೆ ಗೊತ್ತೇ ಇಲ್ಲ ಎಂದುಕೊಂಡಿದ್ದೆ.

ಅದಾಗಿ ಕೆಲವು ದಿನಕ್ಕೆ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಸಂಜೆ, ಪಡಸಾಲೆಯಲ್ಲಿ ಕುಳಿತು ಯಾರೋ ಡಾಕ್ಟರ ದಂಪತಿಗಾಗಿ ಫೋನಿನಲ್ಲಿ ಮನೆ ನೋಡುತ್ತಿದ್ದೆ. ಅವಲಕ್ಕಿ ತಂದಿಟ್ಟ ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಕಡಿದಾದ ಗುಡ್ಡ, ಅದನ್ನು ಕಡಿದು ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಸಣ್ಣ ಸಣ್ಣ ಹೊಲ, ಕೆಳಗೆ ನೀಲಿ ಸಮುದ್ರ.

“ಇದ್ಯಾವ ಊರ?”

“ಮಡೀರಾ ಅಂತ್ರಿ. ಪೋರ್ಚುಗಲ್ ದೇಶದ್ದು. ನಡುಸಮುದ್ರದಾಗ ಐತಿ.”

ಫೋನು ಕಸಿದುಕೊಂಡು ಕಣ್ಣ ಹತ್ತಿರ ಹಿಡಿದರು. “ಇಷ್ಟಷ್ಟ ಹೊಲದಾಗ ಎತ್ತು ತಿರುಗೂದ ಹ್ಯಾಂಗ? ನ್ಯಾಗಲಾ ಎಲ್ಲಿ ಹೊಡೀತಾರ ಇವರು?” ಕಣ್ಣಳತೆಗೆ ಮುಗಿಯದ ಎರೆಭೂಮಿಯಲ್ಲಿ ಬಾಳಿದ ಹೆಂಗಸಿಗೆ ಅದೊಂದು ದೊಡ್ಡ ಸಮಸ್ಯೆಯೇ ಆಯಿತು. ಎರಡು ದಿನ ಅದನ್ನೇ ಕೇಳಿದರು. ಮೂರನೆಯ ದಿನ ಬಸ್ಸಿಳಿದ ಕೂಡಲೇ ಹೇಳಿದರು. “ಊರ ಮಂದಿಗೆಲ್ಲಾ ಮನಿ ಹುಡುಕತಿ. ನಮಗೊಂದು ಹುಡುಕು. ನಾನೂ ನೀನೂ ಆ ಗುಡ್ಡದ ಊರಿಗೆ ಹೋಗಿ ಬರೂಣು. ಎಳ್ಳ ಅಮಾಸಿಗೆ ಅಲ್ಲಿರಬೇಕು ನೋಡು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎಳ್ಳ ಅಮಾವಾಸ್ಯೆ ನಮ್ಮಲ್ಲಿ ಹೊಲಕ್ಕೆ ಉಣಬಡಿಸುವ ಹಬ್ಬ. “ಎಳ್ಳ ಅಮಾಸಿ ದಿನ ನೀವು ನಿಮ್ಮ ಹೊಲಾ ಬಿಟ್ಟಿರ್ತೀರೇನ್ರಿ? ಚರಗಾ ಚೆಲ್ಲಾವ್ರ ಯಾರು?”

“ಮೈದುನ ಅದಾನ, ಮಕ್ಕಳ ಅದಾರ, ಚೆಲ್ತಾರ. ಈ ಸಲ ಹತ್ತಿ ಛಲೋ ಬಂದೈತಿ, ರೊಕ್ಕದ ಚಿಂತಿ ನಿನಗ ಬ್ಯಾಡ. ನೀ ಮನಿ ನೋಡು.”

ಸಣ್ಣಮಾವ ಒಂದು ವಾರ ಮುಖ ಗಂಟು ಹಾಕಿದರು. ಭಾಯ್ ಮಾತ್ರ ಖುಷಿಯಿಂದ ಕುಣಿದುಬಿಟ್ಟರು. ಪಾಸ್‌ಪೋರ್ಟು, ವೀಸಾ ಎಲ್ಲವನ್ನೂ ತಾವೇ ಓಡಾಡಿ ಮಾಡಿಸಿದರು.

ಆಮೇಲೆ ಬಂದ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಸಂಜೆ ಊಟವಾದ ಮೇಲೆ ಅತ್ತೆ, ನಾನು ಗೋಡೆಗೆ ಒರಗಿ ಕುಳಿತು ಮನೆ ಆರಿಸುತ್ತಿದ್ದೆವು. ನಾನು ಚೆಂದದ ಮನೆಗಳನ್ನೇ ತೋರಿಸಿದೆ. ಅತ್ತೆ ಒಂದೊಂದನ್ನೇ ಹೊಡೆದು ಹಾಕಿದರು. ಈಜುಕೊಳವಿದ್ದ ಬಿಳಿ ಬಂಗಲೆಗೆ, “ಸಮುದ್ರ ದಂಡಿಮ್ಯಾಲೆ ಇದ್ದು ಮನ್ಯಾಗ ಮತ್ತೊಂದು ಹೊಂಡ ಯಾಕ?” ಗಾಜಿನ ಒಲೆಯಿದ್ದ ಫ್ಲಾಟಿಗೆ, “ಬೆಂಕಿ ಕಾಣಲಾರದ ಒಲಿಮ್ಯಾಲೆ ರೊಟ್ಟಿ ಹ್ಯಾಂಗ ಉಬ್ಬತೈತಿ?” ಇನ್ನೊಂದಕ್ಕೆ ದೇವರ ಪೂಜೆಗೆ ಕೂರುವ ಜಾಗಕ್ಕೆ ಸರಿಯಾಗಿ ಪಾಯಖಾನೆಯ ಬಾಗಿಲು. ಸಮುದ್ರದ ಕಡೆ ಮುಖ ಮಾಡಿದ ಬಾಲ್ಕನಿ ಅವರಿಗೆ ಲೆಕ್ಕಕ್ಕೇ ಇಲ್ಲ. “ಮನಿ ಮುಂದ ಒಂಚೂರು ಮಣ್ಣ ಇರಬೇಕು. ಮಣ್ಣಿಲ್ಲದ ಮನಿ ಏನ ಮನಿ?” ಎಂಬುದೊಂದೇ ಪಟ್ಟು.

ನಮ್ಮ ಗಿರಾಕಿಗಳು ಹಿಂದೆ ಇದ್ದು ಹೋದವರ ಹೊಗಳಿಕೆ ಓದುತ್ತಾರೆ. ಅತ್ತೆಗೆ ದೂರುಗಳೇ ಬೇಕು. “ಹೊಗಳೂದು ಬಿಡು, ಅದನ್ನ ಎಲ್ಲಾರೂ ಮಾಡ್ತಾರ. ಬೈದವ್ರು ಏನ ಅಂದಾರ ಓದು.” ಓದುತ್ತ ಓದುತ್ತ ಒಂದು ಹಳೆಯ ಕೆಂಪು ಹೆಂಚಿನ ಮನೆ ಸಿಕ್ಕಿತು. ಅದಕ್ಕೆ ಬೈಗುಳದ ಸುರಿಮಳೆ. ನಸುಕಿನಲ್ಲಿ ಪಕ್ಕದ ಮನೆಯ ಕೋಳಿ ಕೂಗಿ ನಿದ್ದೆ ಕೆಡಿಸುತ್ತದೆ. ಚರ್ಚಿನ ಗಂಟೆ ಬಡಿದುಕೊಳ್ಳುತ್ತದೆ. ಪಕ್ಕದ ಮುದುಕಿ ಗೋಡೆಯ ಮೇಲಿಂದ ಇಣುಕಿ ಇಣುಕಿ ನೋಡುತ್ತಾಳೆ.

ಅತ್ತೆ ತೊಡೆ ತಟ್ಟಿದರು. “ಇದ ಮನಿ ಹಿಡಿ! ಕೋಳಿ ಐತಿ, ಗುಡಿ ಐತಿ, ಇಣಿಕಿ ನೋಡಾಕ ಒಬ್ಬಾಕಿ ಅದಾಳ. ಇನ್ನೇನ ಬೇಕು? ಮಂದಿ ಬಾಳೇ ಮಾಡೋ ಜಾಗಾ ಐತಿ ಅದು.”

ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಹಾಗೆ ಮನೆ ಆರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಎರಡು ಕಡೆ ವಿಮಾನ ಬದಲಿಸಿ ಹೋದೆವು. ಚೀಲದಲ್ಲಿ ಜೋಳದ ಹಿಟ್ಟು, ಸಜ್ಜೆ ಹಿಟ್ಟು, ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಅಗಸಿ ಹಿಂಡಿ. ಮುಂಬಯಿಯ ತಪಾಸಣೆಯಲ್ಲಿ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಪಿಂ ಎಂದಿತು. ತಪಾಸಣೆಯ ಹುಡುಗಿಗೆ ಅತ್ತೆ, “ದೇವರವ್ವಾ ಇದು, ಇಂವಂದೂ ಟಿಕೀಟ ತಗಿಸಬೇಕಿತ್ತೇನು?” ಎಂದು ಕೇಳಿದರು. ಅವಳು ಕನ್ನಡ ಬರದಿದ್ದರೂ ನಕ್ಕು ಕೈಮುಗಿದಳು. ಕೊನೆಯ ವಿಮಾನ ದ್ವೀಪದ ಮೇಲೆ ಗಾಳಿಗೆ ತೂರಾಡುತ್ತ ಇಳಿಯುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅತ್ತೆ ಕಿಟಕಿಗೆ ಮುಖ ಒತ್ತಿ ಹೊಲ ಹುಡುಕುತ್ತಿದ್ದರು.

ಮನೆ ಫೋಟೋದಲ್ಲಿ ಕಂಡದ್ದಕ್ಕಿಂತ ಹಳೆಯದು, ಚಿಕ್ಕದು, ಗುಡ್ಡದ ಸೊಂಟಕ್ಕೆ ಅಂಟಿಕೊಂಡಿತ್ತು. ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಮುಂದೆ ನಾಲ್ಕು ಮಾರು ಮಣ್ಣು, ಅದರಾಚೆ ಒಂದು ಮೋಟು ಗೋಡೆ, ಅದರಾಚೆ ಇನ್ನೊಂದು ಹೊಲದ ಪಟ್ಟಿ. ಕೆಳಗಿಳಿದಂತೆ ಬಾಳೆ, ಗೆಣಸಿನ ಬಳ್ಳಿ, ಎಲೆಕೋಸು, ಕೊನೆಗೆ ಸಮುದ್ರ. ಡಿಸೆಂಬರ್ ಎಂದರೂ ನಮ್ಮ ಧಾರವಾಡದ ಚಳಿಯಷ್ಟೇ ಚಳಿ. ಒಂದು ಗಳಿಗೆ ಬಿಸಿಲು, ಒಂದು ಗಳಿಗೆ ಮಳೆ, ಆಮೇಲೆ ಕಾಮನಬಿಲ್ಲು. ನಸುಕಿಗೆ ಕೋಳಿ ಕೂಗಿತು. ಚಾದರದೊಳಗಿಂದಲೇ ಅತ್ತೆ, “ಬಂತು ನೋಡು ನಮ್ಮ ಕೋಳಿ,” ಎಂದರು. ಎದ್ದು ಹೊರಗೆ ಬಂದರೆ ಕಪ್ಪು ಬಟ್ಟೆ ತೊಟ್ಟ ಮುದುಕಿ ಗೋಡೆಯ ಮೇಲಿಂದ ಇಣುಕುತ್ತಿದ್ದಳು. ಹೆಸರು ಲುರ್ದೆಸ್. ಅವಳೂ ಗಂಡ ಸತ್ತವಳೇ. ಅತ್ತೆ ಸೆರಗು ಸರಿಮಾಡಿಕೊಂಡು, “ಚಾ ಆತೇನ್ರಿ?” ಎಂದು ಕನ್ನಡದಲ್ಲೇ ಕೇಳಿದರು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರಿಗೂ ತೃಪ್ತಿಯಾದಂತೆ ಕಂಡಿತು.

ನೋಡಬೇಕಾದ ಜಾಗಗಳನ್ನೆಲ್ಲ ನಾನು ಮೊದಲೇ ಗುರುತು ಮಾಡಿಟ್ಟಿದ್ದೆ. ಗಿರಾಕಿಗಳಿಗೆ ಬಾಯಿಪಾಠ ಒಪ್ಪಿಸಿದ ಜಾಗಗಳೇ ಅವೆಲ್ಲ. ಫುಂಶಾಲ್ ಎಂಬ ಅಲ್ಲಿನ ಪಟ್ಟಣದ ಮಾರ್ಕೆಟ್ಟಿನಲ್ಲಿ ಅತ್ತೆ ಹೂವಿನ ಸಾಲು ದಾಟಿ, ಮೀನಿನ ಕಡೆ ಬರುವಾಗ ಮೂಗು ಮುಚ್ಚಿಕೊಂಡು ಓಡಿದರು. ಗುಡ್ಡದ ಮೇಲೆ ಬೆತ್ತದ ಬುಟ್ಟಿಯ ಗಾಡಿಗಳಿದ್ದವು. ಚಕ್ರವಿಲ್ಲ, ಎಂಜಿನ್ ಇಲ್ಲ. ಇಬ್ಬರು ಕೂತರೆ ಬಿಳಿ ಬಟ್ಟೆ, ಹುಲ್ಲಿನ ಟೊಪ್ಪಿಗೆಯ ಇಬ್ಬರು ಗಂಡಸರು ಹಿಂದಿನಿಂದ ಹಗ್ಗ ಹಿಡಿದು ರಸ್ತೆಯ ಇಳಿಜಾರಿನಲ್ಲಿ ಜಾರಿಸಿಬಿಡುತ್ತಾರೆ. ನಾನು ಬೇಡವೆಂದೆ. ಅತ್ತೆ ಇಳಕಲ್ ಸೀರೆಯ ಕಚ್ಚೆ ಬಿಗಿದು ಕೂತೇಬಿಟ್ಟರು. ಗಾಡಿ ಹೊರಟಿತು. ಮೊದಲ ತಿರುವಿಗೆ ನಾನು ಕಿರುಚಿದೆ. ಅತ್ತೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ, ತಳ ಮುಟ್ಟುವವರೆಗೂ ನಕ್ಕರು. ಮಲ್ಲು ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಹೇಗಿರುತ್ತಿತ್ತು ಎಂಬುದೂ ಮರೆತುಹೋಗಿತ್ತು. ಇಳಿದ ಮೇಲೆ ಮುಖ ಒರೆಸಿಕೊಳ್ಳುತ್ತ, “ಇನ್ನೊಮ್ಮೆ ಹೋಗೂಣೇನ?” ಎಂದರು. ಹೋದೆವು.

ಸಮುದ್ರದ ಮೇಲೆ ಚಾಚಿದ ಎತ್ತರದ ಬಂಡೆಯೊಂದರ ತುದಿಗೆ ಗಾಜಿನ ನೆಲ ಹಾಸಿದ್ದಾರೆ. ಕಾಲ ಕೆಳಗೆ ಪಾತಾಳ ಕಾಣುತ್ತದೆ. ಎಲ್ಲರೂ ಕಂಬಿ ಹಿಡಿದು ನಡುಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು, ಗಾಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೆಳಗೆ ನೋಡಿದರು. “ಗಿರಿಜಾ, ಕೆಳಗ ಹೊಲ ಅದಾವಲೇ!” ನಿಜ. ಬಂಡೆಯ ಬುಡದಲ್ಲಿ, ಸಮುದ್ರದ ದಂಡೆಗೆ, ಕರವಸ್ತ್ರದಷ್ಟಗಲದ ಹೊಲಗಳು. ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದರು. ಗಾಳಿಯಲ್ಲಿ ತೂಗುವ ಕೇಬಲ್ ಕಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಇಳಿದೆವು. ಅಲ್ಲೊಬ್ಬ ಮನುಷ್ಯ ಗುದ್ದಲಿಯಿಂದ ನೆಲ ಅಗೆಯುತ್ತಿದ್ದ. ಅತ್ತೆ ಮಣ್ಣು ಹಿಡಿಯಲ್ಲಿ ತೆಗೆದುಕೊಂಡು ಹಿಚುಕಿ, ಮೂಸಿ, “ಎತ್ತಿಲ್ಲ, ನ್ಯಾಗಲಿಲ್ಲ. ಎಲ್ಲಾ ಕೈಲೇ,” ಎಂದು ನಿಟ್ಟುಸಿರು ಬಿಟ್ಟರು. ಪಂಚಮಿಯಿಂದ ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇಷ್ಟು ದೂರ ಬಂದದ್ದು ಇದಕ್ಕೇ ಎಂದು ನಾನು ನಂಬಿದ್ದೆ.

ಮರುದಿನ ಗುಡ್ಡದ ನೀರುಗಾಲುವೆಯ ದಾರಿ ಹಿಡಿದೆವು. ಆ ದ್ವೀಪದಲ್ಲಿ ಮಳೆ ಬೀಳುವ ಕಡೆಯಿಂದ ಹೊಲಗಳ ಕಡೆಗೆ ಬೆಟ್ಟದ ಮೈಗುಂಟ ಸಣ್ಣ ಕಾಲುವೆ ಕಡಿದಿದ್ದಾರೆ. ಅದರ ಬದುವಿನ ಮೇಲೆ ಜನ ನಡೆಯುತ್ತಾರೆ. ಒಂದು ಕಡೆ ನೀರಿನ ಸಪ್ಪಳ, ಇನ್ನೊಂದು ಕಡೆ ಕಣಿವೆ. ಅತ್ತೆ ಮುಂದೆ, ನಾನು ಹಿಂದೆ. ತಿರುಗಿ ನೋಡದೆಯೇ ಕೇಳಿದರು.

“ಶಿವಾನಂದಗ ಯಾಕ ಒಲ್ಲೆ ಅಂದಿ?”

ನಾನು ಅಲ್ಲೇ ನಿಂತೆ. “ನಿಮಗ ಯಾರ ಹೇಳಿದ್ರಿ?”

“ಅಂವನ ಬಂದಿದ್ದ. ಪಂಚಮಿ ಆದ ಮ್ಯಾಲೆ ಹೊಲಕ್ಕ ಬಂದು ನನ್ನ ಮುಂದ ಕುಂತು ಹೇಳಿದ. ನಿಮ್ಮನ್ನ ಕೇಳಲಾರದ ನಾ ಮುಂದ ಹೋಗೂದಿಲ್ಲ ಅಂದ. ಛಲೋ ಹುಡುಗ. ಶೇಂಗಾ ಕಿತ್ತು ಕೊಟ್ಟೆ, ತಿಂದ ಹೋದ.”

“ನಾ ಒಲ್ಲೆ ಅಂದೇನ್ರಿ. ಆತು, ಮುಗೀತು.”

“ಯಾಕ?”

“ನಿಮ್ಮನ್ನ ಬಿಟ್ಟು ನಾ ಎಲ್ಲಿ ಹೋಗ್ಲಿರಿ?”

ಆಗ ತಿರುಗಿದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು. “ನನ್ನ ಹೆಸರ ಹೇಳಬ್ಯಾಡ. ನಾ ಹೊತ್ತು ಮುಳುಗೋ ಹೊತ್ತಿನಾಕಿ. ನಿನಗ ಇನ್ನೂ ಪೂರಾ ಹಗಲ ಐತಿ. ನಾಳೆ ನಾ ಸತ್ತ ಮ್ಯಾಲೆ ಆ ಬಸ್ ಸ್ಟ್ಯಾಂಡಿಗೆ ಯಾರ ಬರ್ತಾರ? ನಿನ್ನ ಬಾಳೇ ಹಾಳ ಮಾಡಿದಾಕಿ ಅಂತ ಹೆಸರ ತೊಗೊಂಡು ನಾ ಹೋಗಬೇಕೇನ?”

ನಾನು ಅಳುತ್ತ ಕೇಳಿದೆ. “ಆ ಮನಿಗೆ ಮತ್ತ ಬರಾಕ ಬಿಡ್ತಾರೇನ್ರಿ ನನ್ನ? ಸಣ್ಣಮಾವ ಬಿಡ್ತಾರೇನ್ರಿ?”

ಅವರು ತಿರುಗಿ ಮುಂದೆ ನಡೆದರು. ಆ ದಿನ ರೊಟ್ಟಿ ಬಡಿಯುವಾಗಲೂ ಅವರು ನನ್ನ ಮುಖ ನೋಡಲಿಲ್ಲ.

ಅದರ ಮರುದಿನ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಮೊದಲು ಬೆಳೆಯ ಮೇಲೆ ಚೆಲ್ಲುತ್ತಾರೆ. ಭೂಮಿತಾಯಿ ಉಂಡ ಮೇಲೆ ನಾವು ಉಣ್ಣಬೇಕು. ಅದೇ ಚರಗ. ಅತ್ತೆ ನಸುಕಿಗೆ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಕಾಳುಪಲ್ಯ, ಅನ್ನ ಮಾಡಿದ್ದರು. ಬುಟ್ಟಿ ತುಂಬಿಕೊಂಡು ಮನೆ ಮುಂದಿನ ನಾಲ್ಕು ಮಾರು ಮಣ್ಣಿಗೆ ಚೆಲ್ಲಿದರು. ಹಿಂದಿನಿಂದ ನಾನು ನೀರು ಚಿಮುಕಿಸುತ್ತಿದ್ದೆ. ಆದರೆ ಹತ್ತು ಎಕರೆಗೆ ಚೆಲ್ಲಿದ ಕೈ ಅದು. ನಾಲ್ಕು ಮಾರಿಗೆ ನಿಲ್ಲುತ್ತದೆಯೇ? ನಾನು ನೋಡುನೋಡುತ್ತಿದ್ದಂತೆ ಮೋಟು ಗೋಡೆ ದಾಟಿ, ಲುರ್ದೆಸಳ ಎಲೆಕೋಸಿನ ಪಟ್ಟಿಗೆ ಇಳಿದು, ಉದ್ದಕ್ಕೂ ಅನ್ನ, ಕಡಬು ತೂರುತ್ತ ಹೊರಟರು. ಹೊಲದ ಬದು ದಾಟುತ್ತಲೇ ಬೆಳೆದವರಿಗೆ ಗೋಡೆಯೂ ಬದುವೇ ಆಗಿ ಕಂಡಿತೋ ಏನೋ.

ಬಾಗಿಲು ದಢಾರನೆ ತೆರೆಯಿತು. ಲುರ್ದೆಸ್ ಕೈ ಎತ್ತಿ ಬೊಬ್ಬೆ ಹಾಕುತ್ತ ಬಂದಳು. ನಾನು ಫೋನ್ ಹಿಡಿದು ಓಡಿದೆ. ಅದರೊಳಗಿನ ಅನುವಾದದ ದನಿ, “ಹೊಲದಲ್ಲಿ ಊಟ ಎಸೆದರೆ ಇಲಿಗಳು ಬರುತ್ತವೆ, ನಿಮಗೆ ಹುಚ್ಚು ಹಿಡಿದಿದೆಯೇ” ಎಂದು ಸಾವಕಾಶವಾಗಿ, ಬಹಳ ಮರ್ಯಾದೆಯಿಂದ ಹೇಳಿತು.

“ಅಕಿಗೆ ಹೇಳು, ಭೂಮಿತಾಯಿ ಬಸರ ಅದಾಳ. ಬಸರಿ ಹೆಂಗಸಿಗೆ ಉಣ್ಣಾಕ ಕೊಡಬ್ಯಾಡ್ರಿ ಅಂತಾರೇನ?” ಎಂದರು ಅತ್ತೆ.

ನಾನು ಹೇಳಿದೆ, ಫೋನು ಹೇಳಿತು. ಲುರ್ದೆಸ್ ಎತ್ತಿದ ಕೈ ಇಳಿಸಿದಳು. ಕಾಲ ಬಳಿ ಬಿದ್ದ ಕಡಬನ್ನು ನೋಡಿದಳು, ತನ್ನ ಕೋಸುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ಬೆರಳು ಮಾಡಿ, ಇವಳು ನಿನ್ನ ಮಗಳೇ ಎಂದು ಕೇಳಿದಳು. ನಾನು ಸೊಸೆ ಎಂದು ಹೇಳಲು ಬಾಯಿ ತೆರೆಯುವ ಮೊದಲೇ ಅತ್ತೆ ಫೋನಿಗೆ ಬಾಯಿ ಹಚ್ಚಿ, “ಹೌದ. ನನ್ನ ಮಗಳು. ಇನ್ನ ಗಂಡನ ಮನಿಗೆ ಕಳಸಾಕಿ ಅದೇನಿ,” ಎಂದುಬಿಟ್ಟರು. ಅದು ಪೋರ್ಚುಗೀಸಿಗೆ ಹೋಗಿ ಮುಟ್ಟಿತು. ಲುರ್ದೆಸ್ ಎದೆಯ ಮೇಲೆ ಕೈಯಿಟ್ಟು ಒಳಗೆ ಹೋದವಳು, ಕಲ್ಲಿನ ಮೇಲೆ ಸುಟ್ಟ ಬಿಸಿ ಬಿಸಿ ರೊಟ್ಟಿ ತಂದಳು. ಗೆಣಸು ಕಲಸಿ ಮಾಡಿದ ರೊಟ್ಟಿ. ಮೂವರೂ ಗೋಡೆಯ ಮೇಲೆ ಕೂತು, ಅವಳ ರೊಟ್ಟಿ ನಾವು, ನಮ್ಮ ಕಡಬು ಅವಳು ತಿಂದೆವು. ಆ ಗೆಣಸಿನ ವಾಸನೆಯನ್ನೇ ನಾನು ಹೇಳಿದ್ದು.

ಊರಿಗೆ ಹೊರಡುವ ಹಿಂದಿನ ದಿನ ಮುಂಜಾನೆ ಅತ್ತೆ ನನಗೆ ಎಣ್ಣೆ ಹಚ್ಚಿ ಎರೆದರು. ಹೊರಗೆ ಸಣ್ಣ ಮಳೆ ಬಂದು ನಿಂತಿತ್ತು. ತಲೆ ಒರೆಸಿಕೊಂಡು ಬಂದರೆ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಪಕ್ಕದಲ್ಲಿ ಅವರ ಪೆಟ್ಟಿಗೆ ಬಾಯಿ ತೆರೆದಿತ್ತು. ಅದರೊಳಗಿಂದ ಒಂದು ಹಸಿರು ಸೀರೆ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಷಿಣ ಬೇರು, ಅಡಿಕೆ, ಅಕ್ಕಿ ಹೊರಗೆ ಬಂದವು. ಅಷ್ಟನ್ನೂ ಹುಬ್ಬಳ್ಳಿಯಲ್ಲೇ ಕೊಂಡು ನನಗೆ ತಿಳಿಯದಂತೆ ಇಷ್ಟು ದೂರ ಹೊತ್ತು ತಂದಿದ್ದರು.

“ಕುಂದ್ರು. ಸೆರಗ ಒಡ್ಡು.”

“ಏನ್ರಿ ಇದು?”

“ಉಡಿ ತುಂಬತೇನಿ. ಊರಾಗ ನಾ ಇದನ್ನ ಮಾಡಿದ್ರ ಯಾರ ಒಪ್ಪತಾರ? ಗಂಡ ಸತ್ತಾಕಿ ಗಂಡ ಸತ್ತಾಕಿಗೆ ಉಡಿ ತುಂಬೂದಂದ್ರೇನು ಅಂತ ಮನಿ ಮಂದಿ ಎಲ್ಲಾ ಎದ್ದು ನಿಂದರತಾರ. ಮುತ್ತೈದಿ ಯಾರನ್ನರ ಕರಿ ಅಂತಾರ. ನನ್ನ ಮಗಳಿಗೆ ನಾ ಅಲ್ಲದ ಇನ್ಯಾವಾಕಿ ತುಂಬಬೇಕು? ಇಲ್ಲಿ ಕೇಳಾವ್ರ ಯಾರೂ ಇಲ್ಲ. ಅದಕ್ಕ ಇಷ್ಟ ದೂರ ಬಂದೇನಿ.”

ನಾನು ಎತ್ತಿನ ಪ್ರಶ್ನೆಯನ್ನು ನಂಬಿದ್ದೆ, ನೇಗಿಲಿನ ಪ್ರಶ್ನೆಯನ್ನು ನಂಬಿದ್ದೆ. ಸಮುದ್ರ ದಾಟಿ, ಯಾರಿಗೂ ನಮ್ಮ ಗುರುತಿಲ್ಲದ ಗುಡ್ಡದ ಮೇಲೆ, ಒಂದು ಅಡುಗೆಮನೆ, ಒಂದಿಷ್ಟು ಮಣ್ಣು ಇರುವ ಮನೆಯನ್ನು ಅವರು ಆರಿಸಿದ್ದು ಈ ಒಂದು ಗಳಿಗೆಗೆ. ಸೆರಗು ಒಡ್ಡಿದೆ. ಅಕ್ಕಿ ಹಾಕಿದರು, ಕೊಬ್ಬರಿ ಹಾಕಿದರು. ಬಾಳೆಹಣ್ಣು ಮಾತ್ರ ಅಲ್ಲಿಯದು, ಲುರ್ದೆಸಳ ಗಿಡದ್ದು. ಬಳೆ ಏರಿಸುವಾಗ ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

“ಹೌದ ಅಂತ ಹೇಳು ಅಂವಗ.”

“ಹೇಳತೇನ್ರಿ.”

“ಮತ್ತ ಇನ್ನೊಂದು ಮಾತ ಕೊಡು. ಮದವಿ ಆದ ಮ್ಯಾಲೆ ನಮ್ಮ ಮನಿಗೆ ಬರಬ್ಯಾಡ. ಮೈದುನ ಏನರ ಅಂತಾನ ಅಂತಲ್ಲ. ಅಂವ ಅನ್ನಲಿ ಬಿಡಲಿ. ಹೊಸ್ತಿಲ ಹೊರಗ ನೀ ನಿಂತದ್ದನ್ನ ನನ್ನ ಕಣ್ಣಿಲೆ ನೋಡಾಕ ಆಗೂದಿಲ್ಲ. ಅಷ್ಟ.”

ಅದಕ್ಕೂ ಹೂಂ ಎಂದೆ. ಆಮೇಲೆ ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಉಡಿಯ ಅಕ್ಕಿಯೆಲ್ಲ ಚಾಪೆಯ ಮೇಲೆ ಚೆಲ್ಲಿತು. ಅವರು ಬೈಯಲಿಲ್ಲ. ಒಂದೊಂದೇ ಕಾಳು ಆರಿಸಿ ಮತ್ತೆ ನನ್ನ ಸೆರಗಿಗೆ ಹಾಕುತ್ತ ಕೂತರು.

ಮದುವೆ ಯುಗಾದಿಯ ಮುಂದೆ ಧಾರವಾಡದ ಒಂದು ಮಠದಲ್ಲಿ ಸದ್ದಿಲ್ಲದೆ ಆಯಿತು. ಇಮ್ತಿಯಾಜ್ ಭಾಯ್ ಮನೆಮಂದಿಯೊಡನೆ ಬಂದಿದ್ದರು. ಅತ್ತೆ ಬರಲಿಲ್ಲ. ನಾನೀಗ ಸತ್ತೂರಿನಲ್ಲಿದ್ದೇನೆ. ಶಿವಾನಂದ ನಾನಂದುಕೊಂಡಷ್ಟೇ ಒಳ್ಳೆಯವರು, ಮನೆ ತುಂಬ ಬೆಳಕಿದೆ, ನನಗೆ ಯಾವ ಕೊರತೆಯೂ ಇಲ್ಲ. ಉಪ್ಪಿನಬೆಟಗೇರಿ ಇಲ್ಲಿಂದ ಒಂದು ತಾಸಿನ ದಾರಿಯೂ ಅಲ್ಲ. ಅಟ್ಲಾಂಟಿಕ್ ಸಮುದ್ರಕ್ಕೆ ಹೋಗಿ ಬಂದವಳಿಗೆ ಅಷ್ಟು ದೂರ ಹೋಗಲು ಆಗುವುದಿಲ್ಲ. ಧಾರವಾಡದ ಸ್ಟ್ಯಾಂಡಿನಲ್ಲಿ ಆ ಊರಿನ ಫಲಕ ಹಾಕಿದ ಬಸ್ ನಿಂತಿದ್ದರೆ, ಅದು ಹೊರಡುವವರೆಗೂ ನೋಡುತ್ತ ನಿಂತುಬಿಡುತ್ತೇನೆ. ನನ್ನ ಬಸ್ ಎಷ್ಟೋ ಸಲ ಹಾಗೆ ತಪ್ಪಿದೆ.

ಅತ್ತೆಗೆ ಆಗಾಗ ಫೋನ್ ಮಾಡುತ್ತೇನೆ. ಮಳೆ, ಹತ್ತಿ, ಮೊಣಕಾಲು ನೋವು ಇಷ್ಟೇ ಮಾತು. ನಮ್ಮ ಮನೆಯ ಸುದ್ದಿ ಅವರು ಕೇಳಿದವರಲ್ಲ, ನಾನು ಹೇಳಿದವಳಲ್ಲ. ಮೊನ್ನೆ ಆ ಗೆಣಸು ತಿಂದ ಮೇಲೆ ತಡೆಯಲಾಗದೆ ಆಫೀಸಿನಿಂದ ಹೊರಗೆ ಬಂದು ಮತ್ತೆ ಫೋನ್ ಮಾಡಿದೆ.

“ಅತ್ತೀ, ಮಡೀರಾಕ್ಕ ಮತ್ತೊಮ್ಮೆ ಹೋಗೂಣೇನ್ರಿ? ನಾನೂ ನೀವೂ? ಅದ ಮನಿ ಖಾಲಿ ಐತಿ, ನೋಡೇನಿ.”

ಆ ಕಡೆ ನಗು ಕೇಳಿಸಿತು, ಆಮೇಲೆ ಕೆಮ್ಮು. “ನನ್ನ ಮೊಣಕಾಲ ಕೇಳಬೇಕಲ್ಲ ಮಗಳ. ಇನ್ನ ನಾ ಎಲ್ಲಿ ಹೋಗಲಿ?” ದೂರದಲ್ಲೆಲ್ಲೋ ಟ್ರ್ಯಾಕ್ಟರಿನ ಸದ್ದು ಬರುತ್ತಿತ್ತು. ಹೊಲದಲ್ಲೇ ಇದ್ದರೇನೋ. ಆಮೇಲೆ ಕೇಳಿದರು.

“ನಿನ್ನ ಗಂಡ ಆರಾಮ ಅದಾನಿಲ್ಲ?”

ನಾನು ಆ ಮನೆಗೆ ಸೊಸೆಯಾಗಿ ಹೋದ ದಿನದಿಂದ ಅವರ ಬಾಯಲ್ಲಿ ‘ನಿನ್ನ ಗಂಡ’ ಎಂಬ ಮಾತು ಮಲ್ಲುವಿಗೆ ಮಾತ್ರ ಸೇರಿದ್ದು. ಅವನು ಹೋದ ಮೇಲೂ ಅವನದೇ ಆಗಿ ಉಳಿದಿತ್ತು. ತಮ್ಮ ಮಗನ ಹತ್ತಿರ ಉಳಿದಿದ್ದ ಅದೊಂದನ್ನೂ ಅವರು ಅವತ್ತು, ನಡು ಮಧ್ಯಾಹ್ನದ ಬಿಸಿಲಲ್ಲಿ ನಿಂತು, ಇನ್ನೊಬ್ಬರಿಗೆ ಎತ್ತಿ ಕೊಟ್ಟರು.

“ಆರಾಮ ಅದಾರ್ರಿ,” ಎಂದೆ.